ಕಟ್ಟಿಹಾಕಿದ ರಾಕೆಟ್ ನೋಡಲು ಹೋದದ್ದು

ಹರ್ನ್‌ಡನ್

ನನ್ನ ತಂಗಿ ವಸುಧಾ ಅಮೆರಿಕದಲ್ಲಿ ರಾಕೆಟ್ ಮಾಡುವ ಕಂಪನಿಯಲ್ಲಿದ್ದಾಳೆ ಎಂದರೆ ಗದಗಿನ ನಮ್ಮ ಶಾಲೆಯ ಸ್ಟಾಫ್‌ರೂಮಿನಲ್ಲಿ ಎಲ್ಲರೂ ಒಂದು ಗಳಿಗೆ ನನ್ನನ್ನೇ ಗೌರವದಿಂದ ನೋಡುತ್ತಿದ್ದರು. ಅಲ್ಲಿ ಏನು ಮಾಡುತ್ತಾಳೆ ಎಂದು ಯಾರಾದರೂ ಕೇಳಿದರೆ ನನ್ನ ಬಳಿ ಉತ್ತರವಿರಲಿಲ್ಲ. ನಾನು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು. ರಾಕೆಟ್ ಎಂದರೆ ನನಗೆ ಬಾಟಲಿಯಲ್ಲಿಟ್ಟು ಹೊತ್ತಿಸುವ ದೀಪಾವಳಿಯ ರಾಕೆಟ್, ಅಷ್ಟೇ.

ದಸರಾ ಮುಗಿದ ಮೇಲೆ ರಜೆ ಹಾಕಿ ಅವಳ ಮನೆಗೆ ಹೋದೆ. ವಾಷಿಂಗ್ಟನ್ ವಿಮಾನ ನಿಲ್ದಾಣದ ಪಕ್ಕದ ಹರ್ನ್‌ಡನ್‌ನಲ್ಲಿ ಅವಳ ಅಪಾರ್ಟ್‌ಮೆಂಟ್. ಮೊದಲ ಕೆಲವು ದಿನ ನಿದ್ದೆ ಯಾವುದು, ಎಚ್ಚರ ಯಾವುದು ಎಂದೇ ತಿಳಿಯಲಿಲ್ಲ. ಹಾಡುಹಗಲೇ ಕಣ್ಣು ಮುಚ್ಚಿಕೊಳ್ಳುತ್ತಿತ್ತು. ತೆರೆದಾಗ ಕಿಟಕಿಯಲ್ಲಿ ಕೆಂಪು, ಹಳದಿ ಎಲೆಗಳ ಮರಗಳು. ಅವುಗಳ ತಲೆ ಸವರುವಂತೆ ಇಳಿಯುವ ವಿಮಾನಗಳು. ಇಷ್ಟು ಬಣ್ಣದ ಮರಗಳನ್ನು ಕನಸಿನಲ್ಲಲ್ಲದೆ ಬೇರೆಲ್ಲಿ ನೋಡುವುದು ಎಂದುಕೊಂಡು ಮತ್ತೆ ಮಲಗುತ್ತಿದ್ದೆ.

ವಸುಧಾಳ ಗಂಡ ಶ್ರೀಧರ ಕಂಪ್ಯೂಟರ್ ಕೆಲಸದವನು, ಮಾತು ಕಡಿಮೆ, ನಗು ಜಾಸ್ತಿ. ಒಂದು ದಿನ ಊರು ತೋರಿಸಲು ಕರೆದುಕೊಂಡು ಹೋದ. ಅಲ್ಲಿನ ಟೋಲ್ ರಸ್ತೆಯಲ್ಲಿ ಹಣ ಇಸಿದುಕೊಳ್ಳಲು ಮನುಷ್ಯರಿಲ್ಲದ ಸಾಲೂ ಇದೆ. ಒಂದು ಬುಟ್ಟಿಯಿದೆ. ಕಾರಿನ ಕಿಟಕಿಯಿಂದಲೇ ನಾಣ್ಯ ಎಸೆದರೆ ಗೇಟು ಏಳುತ್ತದೆ. ವಾಪಸು ಬರುವಾಗ ನಾನು ಎಸೆಯುತ್ತೇನೆ ಎಂದು ಹಟ ಹಿಡಿದೆ. ಅವನ ಮುಂದೆ ಕೈ ಚಾಚಿ ಎಸೆದ ನಾಣ್ಯ ಬುಟ್ಟಿಯ ಅಂಚಿಗೆ ಬಡಿದು ಕಾರಿನ ಕೆಳಗೆ ಉರುಳಿತು. ಅದನ್ನು ಹುಡುಕಲು ನಾನು ಸೆರಗು ಸಿಕ್ಕಿಸಿಕೊಂಡು ಇಳಿದುಬಿಟ್ಟೆ. ಹಿಂದೆ ಕಾರುಗಳ ಸಾಲು ಬೆಳೆಯಿತು. ಒಬ್ಬರೂ ಹಾರ್ನ್ ಹೊಡೆಯಲಿಲ್ಲ. ನಮ್ಮ ಊರಿನಲ್ಲಾಗಿದ್ದರೆ ಇಷ್ಟರಲ್ಲಿ ನಾಲ್ಕು ಮಂದಿ ಬೈದು, ಇಬ್ಬರು ಇಳಿದು ನಾಣ್ಯ ಹುಡುಕಿಕೊಡುತ್ತಿದ್ದರು. ಆ ಮೌನದಲ್ಲಿ ನನಗೆ ಹೆಚ್ಚು ನಾಚಿಕೆಯಾಯಿತು.

ಅಂದು ಸಂಜೆ ಊಟಕ್ಕೆ ಕುಳಿತಾಗ ವಸುಧಾಳನ್ನು ನೇರವಾಗಿ ಕೇಳಿದೆ.

“ವಸು, ನೀ ಖರೇನ ಅಲ್ಲೆ ಏನ ಮಾಡ್ತೀ?”

ಅವಳು ಚಪಾತಿಯನ್ನು ಉದ್ದಕ್ಕೆ ಸುರುಳಿ ಸುತ್ತಿದಳು. “ದೊಡ್ಡ ರಾಕೆಟ್ ಇರ್ತದಲ್ಲ, ಅದು ತಾನ ಮ್ಯಾಲ ಏಳಾಕ ಆಗೂದಿಲ್ಲ. ಬಗಲಾಗ ಹಿಂಥಾ ಬೂಸ್ಟರ್ ಕಟ್ಟಿರ್ತಾರ. ಅದು ಎತ್ತಿಕೊಡ್ತದ, ತನ್ನ ಕೆಲಸ ಮುಗಿದ ಮ್ಯಾಲ ಕಳಚಿ ಬೀಳ್ತದ. ಅಷ್ಟು ಉದ್ದಂದು ಒಂದ ತುಂಡಿನಾಗ ಮಾಡಾಕ ಬರೂದಿಲ್ಲ. ತುಂಡು ತುಂಡು ಮಾಡಿ ಜೋಡಸ್ತಾರ.” ಚಪಾತಿಯ ನಡುವೆ ಬೆರಳಿಟ್ಟಳು. “ಈ ಜೋಡಣಿ ಇರ್ತದಲ್ಲ, ಇದು ನಂದು. ಒಳಗಿನ ಬೆಂಕಿ ಇಲ್ಲಿಂದ ಹೊರಗ ಬರಬಾರದು.”

ಹೊಸ ಬೂಸ್ಟರ್ ಒಂದು ತಯಾರಾಗಿತ್ತು. ಹಾರಿಸಿ ನೋಡುವ ಮೊದಲು ಅದನ್ನು ನೆಲದ ಮೇಲೆ ಪರೀಕ್ಷೆ ಮಾಡಬೇಕಿತ್ತು. ಕಾಂಕ್ರೀಟಿನ ದೊಡ್ಡ ಗೋಡೆಗೆ ತಲೆ ಕೊಟ್ಟು ಅಡ್ಡ ಮಲಗಿಸುತ್ತಾರಂತೆ, ಅಲುಗದಂತೆ ಕಟ್ಟುತ್ತಾರಂತೆ, ಆಮೇಲೆ ಹೊತ್ತಿಸುತ್ತಾರಂತೆ.

“ಕಟ್ಟಿಹಾಕಿ ಹೊತ್ತಸ್ತೀರಿ?”

“ಹೂಂ. ಎರಡು ನಿಮಿಷ ಉರೀತದ.”

“ಎಲ್ಲೂ ಹೋಗೂದ ಇಲ್ಲ?”

“ಹೋತಂದ್ರ ಅದರ ಹಿಂದ ನನ್ನ ನೌಕರೀನೂ ಹೋಗ್ತದ” ಎಂದು ಶ್ರೀಧರನ ಕಡೆ ನೋಡಿ ನಕ್ಕಳು.

ಪರೀಕ್ಷೆಯ ಜಾಗ ದಕ್ಷಿಣಕ್ಕೆ, ಕ್ಯಾರೊಲೈನಾದ ಪೈನ್ ಕಾಡಿನಲ್ಲಿತ್ತು. ಶ್ರೀಧರನಿಗೆ ರಜೆ ಸಿಗಲಿಲ್ಲ. “ನೀ ಬರ್ತೀಯೇನು ಅಕ್ಕಾ?” ಎಂದು ಅವಳು ಕೇಳಿದ್ದೇ ತಡ, ನಾನು ಬಟ್ಟೆ ಮಡಚತೊಡಗಿದೆ.

ಏಪೆಕ್ಸ್

ಬೆಳಿಗ್ಗೆ ಹೊರಟು ಮಧ್ಯಾಹ್ನದ ಊಟಕ್ಕೆ ಏಪೆಕ್ಸ್‌ನಲ್ಲಿ ನಿಂತೆವು. ವಸುಧಾಳ ಗೆಳತಿ, ಮೈಸೂರಿನ ನಿರ್ಮಲಾ ಅವರ ಮನೆ. ಬಿಸಿಬೇಳೆ ಭಾತ್ ಬಡಿಸುತ್ತ ನಿರ್ಮಲಾ, “ಇವ್ಳು ಟೆಸ್ಟ್ ಅಂತ ಹೋದ್ರೆ ಒಂದು ವಾರ ಫೋನೂ ಮಾಡಲ್ಲ. ನೀವಾದ್ರೂ ಟೈಮಿಗೆ ಸರಿಯಾಗಿ ತಿನ್ನಿಸಿ” ಎಂದರು. ಅವರ ಪುಟ್ಟ ಮಗಳು ಅನು ರಾಕೆಟ್ ವಿಷಯ ಕೇಳಿ ಕಣ್ಣರಳಿಸಿದಳು. ಕಟ್ಟಿಹಾಕುತ್ತಾರೆ ಎಂದಾಗ ಮುಖ ಬಾಡಿತು.

“ಸೋ ಇಟ್ ಜಸ್ಟ್ ಸ್ಟೇಸ್ ದೇರ್?”

“ಆಂಟಿ ಹತ್ರ ಕನ್ನಡದಲ್ಲಿ ಕೇಳು ಪುಟ್ಟಾ.”

ಅನು ತುಂಬ ಯೋಚಿಸಿ, “ಅದು… ಅಲ್ಲೇ ಇರತ್ತಾ? ಪಾಪ” ಎಂದಳು.

ಮತ್ತೆ ಕಾರು ಹತ್ತಿದ ಮೇಲೆ ವಸುಧಾ ಆ ‘ಪಾಪ’ವನ್ನು ನೆನೆನೆನೆದು ನಕ್ಕಳು. ಎರಡೂ ಕಡೆ ಪೈನ್ ಮರಗಳು ಶುರುವಾದವು. ಅವು ಮುಗಿಯಲೇ ಇಲ್ಲ. ನಡುವೆ ಒಂದು ಬೋಳು ಹೊಲ, ಬಿಳಿ ಬಣ್ಣದ ಚರ್ಚು, ಮತ್ತೆ ಮರಗಳು. ರಸ್ತೆ ನೇರವಾಗಿತ್ತು, ಬಿಸಿಲು ಮರಗಳ ನಡುವಿನಿಂದ ಬಂದು ನಮ್ಮ ಮಡಿಲ ಮೇಲೆ ಪಟ್ಟಿ ಪಟ್ಟಿಯಾಗಿ ಹರಿಯುತ್ತಿತ್ತು. ನನಗೆ ತೂಕಡಿಕೆ. ವಸುಧಾ ಮಾತ್ರ ಯಾವುದೋ ಗಳಿಗೆಯಲ್ಲಿ ನಗು ನಿಲ್ಲಿಸಿದ್ದಳು.

“ಅಕ್ಕಾ, ಇದು ಒಮ್ಮೆ ಹೊತ್ತಿದ್ರ ಆರಸಾಕ ಬರೂದಿಲ್ಲ” ಎಂದಳು, ನಾನು ಕೇಳದಿದ್ದರೂ. “ಗ್ಯಾಸಿನ ಒಲಿ ಹಂಗ ತಿರುವಿ ಬಂದ್ ಮಾಡಾಕ ಆಗೂದಿಲ್ಲ. ಬ್ಯಾಡ ಅನ್ನೂದಿದ್ರ ಹೊತ್ತಸೂಕ್ಕಿಂತ ಮೊದಲ ಅನ್ನಬೇಕು.”

ಆಗ ಅದು ರಾಕೆಟ್ಟಿನ ಬಗ್ಗೆ ಹೇಳಿದ ಒಂದು ವಿವರ ಎಂದಷ್ಟೇ ಕೇಳಿಸಿಕೊಂಡೆ.

ಪೈನ್ ಕಾಡಿನ ಊರು

ಊರಿನ ಹೆಸರು ಬರೆಯಬಾರದು ಎಂದು ವಸುಧಾ ಹೇಳಿದ್ದಾಳೆ. ಬರೆದರೂ ಯಾರಿಗೂ ಗೊತ್ತಾಗುವ ಊರಲ್ಲ. ಒಂದು ಪೆಟ್ರೋಲ್ ಪಂಪು, ಮೂರು ಚರ್ಚು, ಕೆಂಪು ಮಣ್ಣಿನ ಒಳದಾರಿಗಳು. ಊರು ದಾಟಿದರೆ ಹತ್ತಿಯ ಹೊಲ! ಬಿಡಿಸಲು ಬಂದ ಹತ್ತಿ, ಕಣ್ಣು ಹಾಯುವವರೆಗೆ ಬೆಳ್ಳಗೆ. ನಾನು ಕಾರು ನಿಲ್ಲಿಸಲು ಹೇಳಿ ಇಳಿದು ಒಂದು ಕಾಯಿಯ ಹತ್ತಿಯನ್ನು ಮುಟ್ಟಿ ನೋಡಿದೆ. ಗದಗಿನ ಹತ್ತಿಯ ಹಾಗೆಯೇ ಬೆರಳಿಗೆ ಅಂಟಿಕೊಂಡಿತು. ಬಿಡಿಸುವ ಹೆಂಗಸರು, ಅವರ ಹಾಡು, ಮರಕ್ಕೆ ಕಟ್ಟಿದ ಜೋಳಿಗೆಯಲ್ಲಿ ಮಲಗಿದ ಕೂಸುಗಳು, ಯಾರೂ ಇರಲಿಲ್ಲ. ಅಂಚಿನಲ್ಲಿ ಹಸಿರು ಬಣ್ಣದ ದೊಡ್ಡ ಯಂತ್ರವೊಂದು ತಣ್ಣಗೆ ನಿಂತಿತ್ತು.

ನಾವು ಉಳಿದುಕೊಂಡದ್ದು ಎಡ್ನಾ ಎಂಬ ಅಜ್ಜಿಯ ಮನೆಯಲ್ಲಿ. ಕಂಪನಿಯವರು ಬಂದರೆ ಕೋಣೆ ಬಾಡಿಗೆಗೆ ಕೊಡುತ್ತಿದ್ದಳು. ಬಾಯಾರಿದೆಯೇ, ಚಹಾ ಬೇಕೇ ಎಂದು ಕೇಳಿದಳು. ಎಷ್ಟೋ ದಿನದ ಮೇಲೆ ಯಾರೋ ತಾವಾಗಿ ಚಹಾ ಕೇಳಿದರೆಂದು ನಾನು ಹಿಗ್ಗಿದೆ. ಬಂದದ್ದು ಉದ್ದನೆಯ ಗಾಜಿನ ಲೋಟ, ತುಂಬ ಐಸು, ಹಾಲಿಲ್ಲದ ಚಹಾ, ಪಾಯಸದಷ್ಟು ಸಕ್ಕರೆ. ಬಿಸಿ ಮಾಡಿಕೊಡಿ ಎನ್ನಲು ನಾಲಿಗೆ ಏಳಲಿಲ್ಲ. ಅದಕ್ಕೆ ಜೊತೆಯಾಗಿ ಅವಳು ಒಂದು ಬಟ್ಟಲು ಮುಂದಿಟ್ಟಾಗ ನನ್ನ ದುಃಖವೆಲ್ಲ ಮಾಯವಾಯಿತು: ಉಪ್ಪು ಹಾಕಿ ಸಿಪ್ಪೆ ಸಮೇತ ಬೇಯಿಸಿದ ಶೇಂಗಾ! ನಾನು ಎರಡೇ ಬೆರಳಲ್ಲಿ ಒತ್ತಿ ಸಿಪ್ಪೆ ಒಡೆದದ್ದನ್ನು ನೋಡಿ ಎಡ್ನಾ, “ನೀನು ನಮ್ಮ ದಕ್ಷಿಣದವಳೇ” ಎಂದು ತೀರ್ಪು ಕೊಟ್ಟಳು.

ಪರೀಕ್ಷೆಯ ಹಿಂದಿನ ದಿನ ಅವಳು ಗೋಡೆಗೆ ಅಲಂಕಾರಕ್ಕೆ ತೂಗುಹಾಕಿದ್ದ ಪಿಂಗಾಣಿ ತಟ್ಟೆಗಳನ್ನೆಲ್ಲ ಒಂದೊಂದಾಗಿ ಇಳಿಸಿದಳು. ನಾನೂ ಕೈಹಚ್ಚಿದೆ. ತಟ್ಟೆಗಳನ್ನು ಅವಳ ಹಾಸಿಗೆಯ ಮೇಲೆ ಸಾಲಾಗಿ ಮಲಗಿಸಿ, ಮೇಲೆ ಕೌದಿಯಂಥ ಹೊದಿಕೆ ಹೊದಿಸಿದೆವು. ಊರೆಲ್ಲ ಹೀಗೆಯೇ ಮಾಡುತ್ತಾರಂತೆ. ರಾಕೆಟ್ ಹೊತ್ತಿದರೆ ಮೈಲಿಗಟ್ಟಲೆ ದೂರದ ಗೋಡೆ ನಡುಗುತ್ತದೆ.

“ಅದರ ಮೇಲೆ ಸಿಟ್ಟು ಬರುವುದಿಲ್ಲವೇ?” ಎಂದು ನನ್ನ ಹರಕು ಇಂಗ್ಲಿಷಿನಲ್ಲಿ ಕೇಳಿದೆ.

“ಸಿಟ್ಟೇಕೆ? ವರ್ಷಕ್ಕೊಮ್ಮೆ ತಟ್ಟೆಗಳ ಧೂಳು ಹೋಗುತ್ತದೆ” ಎಂದಳು.

ಹತ್ತಿಹೊಲದ ಅಂಚಿನಲ್ಲಿ

ನಾನು ಪರದೇಶದವಳಾದ್ದರಿಂದ ಕಂಪನಿಯ ಗೇಟಿನೊಳಗೆ ಬಿಡುತ್ತಿರಲಿಲ್ಲ. ಎಡ್ನಾ ತನ್ನ ಹಳೆಯ ಕಾರಿನಲ್ಲಿ ನನ್ನನ್ನು ಹತ್ತಿಹೊಲದ ಅಂಚಿಗೆ ಕರೆದೊಯ್ದಳು. ಆಗಲೇ ಊರಿನ ಅರ್ಧ ಜನ ಅಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ಐಸ್ ಪೆಟ್ಟಿಗೆ, ಕೇಕು, ನಾಯಿಗಳು, ಕಿವಿಗೆ ಹತ್ತಿ. ದೂರದಲ್ಲಿ ಹೊಲದಾಚೆ ಕಾಡಿನ ನಡುವೆ ಬಯಲೊಂದು, ಅದರಲ್ಲಿ ಬೆಳ್ಳಗಿನ ಒಂದು ಗೆರೆ. ಅದೇ ರಾಕೆಟ್. ಅಲ್ಲಿಂದ ನೋಡಿದರೆ ಯಾರೋ ಮರೆತು ಹೋದ ಸೀಮೆಸುಣ್ಣದ ತುಂಡಿನಂತಿತ್ತು.

ಕಂಬಕ್ಕೆ ಕಟ್ಟಿದ ಧ್ವನಿವರ್ಧಕದಲ್ಲಿ ಗಂಡಸೊಬ್ಬನ ದನಿ ಆಗಾಗ ಏನೋ ಹೇಳುತ್ತಿತ್ತು. ಕೊನೆಗೆ ಎಣಿಕೆ ಶುರುವಾಯಿತು. ಎಲ್ಲರೂ ಎದ್ದು ನಿಂತರು. ನಾನು ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೆ. ಎಣಿಕೆ ಕೆಳಗಿಳಿಯುತ್ತ ಬಂತು, ಇನ್ನೇನು ಮುಗಿಯಿತು ಎನ್ನುವಷ್ಟರಲ್ಲಿ ನಿಂತುಹೋಯಿತು. “ಹೋಲ್ಡ್” ಎಂದಿತು ದನಿ. ಆಮೇಲೆ ಬರೀ ಗರಗರ.

ನಿಂತವರು ನಿಂತೇ ಇದ್ದರು. ಹಾಗೇ ಒಬ್ಬೊಬ್ಬರಾಗಿ ಕುಳಿತರು. ಹೊತ್ತು ಹೋಯಿತು, ಬಿಸಿಲು ಏರಿತು, ನಾಯಿಗಳು ಕಾರಿನ ನೆರಳು ಹುಡುಕಿಕೊಂಡವು. ಈ ದಿನ ಪರೀಕ್ಷೆ ಇಲ್ಲವೆಂದು ದನಿ ತಿಳಿಸಿದಾಗ ನಮ್ಮ ಪಕ್ಕದಲ್ಲಿದ್ದ ಟೋಪಿಯವನು ಕುರ್ಚಿ ಮಡಚುತ್ತ, “ಒಳಗೆ ಯಾರಿಗೋ ಧೈರ್ಯ ಸಾಲಲಿಲ್ಲ” ಎಂದ. ಹೌದೆಂಬಂತೆ ನಾನೂ ತಲೆಯಾಡಿಸಿದೆ.

ಸಂಜೆ ವಸುಧಾ ಬಂದವಳು ಚಪ್ಪಲಿ ಬಿಡದೆ ನೇರವಾಗಿ ನಲ್ಲಿಯ ಬಳಿ ಹೋಗಿ ಕೈ ತೊಳೆದಳು. ತೊಳೆಯುತ್ತಲೇ ಇದ್ದಳು. ನಾನೇ ಹೋಗಿ ನಲ್ಲಿ ನಿಲ್ಲಿಸಬೇಕಾಯಿತು.

“ನಿಲ್ಸಿದ್ದು ನಾನ, ಅಕ್ಕಾ” ಎಂದಳು.

ನಡುವಿನ ಜೋಡಣೆಗೆ ಸಂಬಂಧಿಸಿದ ಒಂದು ಗೇಜಿನ ಅಳತೆ ಇರಬೇಕಾದ್ದಕ್ಕಿಂತ ಸ್ವಲ್ಪ ಕೆಳಗಿಳಿದದ್ದನ್ನು ಅವಳು ನೋಡಿದ್ದಳು. ಕಣ್ಣು ಮಿಟುಕಿಸುವಷ್ಟು ಹೊತ್ತು. ಮತ್ತೆ ನೆಟ್ಟಗಾಯಿತು. ಆ ಗಳಿಗೆಯಲ್ಲಿ ಅದನ್ನು ಬೇರೆ ಯಾರೂ ನೋಡಿರಲಿಲ್ಲ. ಅವಳು ಹೋಲ್ಡ್ ಎಂದಳು. ಕೋಣೆಯಲ್ಲಿದ್ದ ಅಷ್ಟೂ ಜನ ತಿರುಗಿ ನೋಡಿದರಂತೆ. ಈ ದಿನಕ್ಕಾಗಿ ಅವರೆಲ್ಲ ವರ್ಷಗಟ್ಟಲೆ ದುಡಿದಿದ್ದರು. ಬೂಸ್ಟರ್ ಬೇಕೋ ಬೇಡವೋ ಎಂದು ತೀರ್ಮಾನಿಸುವವರು ವಾಷಿಂಗ್ಟನ್ನಿನಿಂದ ಬಂದು ಹಿಂದಿನ ಸಾಲಿನಲ್ಲಿ ಕುಳಿತಿದ್ದರು.

“ಹ್ಯಾಂಕ್ ಏನಂದ?” ಎಂದೆ. ಹ್ಯಾಂಕ್ ಅವಳ ಮೇಲಧಿಕಾರಿ. ನಾವು ಬಂದ ದಿನ ಒಮ್ಮೆ ಭೇಟಿಯಾಗಿದ್ದ. ಬಾಗಿಲು ತುಂಬುವಂಥ ಆಳು, ಮೆಲ್ಲಗಿನ ಮಾತು.

“ಏನೂ ಅನ್ನಲಿಲ್ಲ. ‘ಬಿಚ್ಚಿ ನೋಡೋಣ’ ಅಂದ, ಅಷ್ಟ.”

ಸಿಗದ ತಪ್ಪು

ಪೂರ್ತಿ ಎರಡು ದಿನ ಅವರು ಹುಡುಕಿದರು. ತಂತಿಗಳನ್ನು ನೋಡಿದರು, ಗೇಜು ಬದಲಿಸಿದರು, ಜೋಡಣೆಗೆ ಗಾಳಿಯ ಒತ್ತಡ ಕೊಟ್ಟು ಸೋರುತ್ತದೆಯೇ ಎಂದು ಮತ್ತೆ ಮತ್ತೆ ಪರೀಕ್ಷಿಸಿದರು. ನಾನು ಆ ಎರಡೂ ದಿನ ಎಡ್ನಾಳ ಜಗುಲಿಯ ತೂಗುವ ಬೆಂಚಿನ ಮೇಲೆ ಕುಳಿತಿದ್ದೆ. ಪೈನ್ ಮರಗಳಲ್ಲಿ ಗಾಳಿ ಬೀಸಿದರೆ ದೂರದಲ್ಲೆಲ್ಲೋ ಹೊಳೆ ಹರಿದ ಸದ್ದು. ಎದ್ದು ಹೋಗಿ ನೋಡಿದರೆ ನೀರಿಲ್ಲ, ಉದುರಿದ ಕಂದು ಸೂಜಿಗಳ ಮೆತ್ತನೆ ನೆಲ. ತಟ್ಟೆಗಳು ಹಾಸಿಗೆಯ ಮೇಲೆಯೇ ಮಲಗಿದ್ದವು, ಎಡ್ನಾ ಸೋಫಾದ ಮೇಲೆ ಮಲಗುತ್ತಿದ್ದಳು. ನಿಲ್ಲಿಸಿದ್ದು ನನ್ನ ತಂಗಿ ಎಂದು ಅವಳಿಗೆ ಗೊತ್ತಾಗಿತ್ತು; ಪೆಟ್ರೋಲ್ ಪಂಪಿಗೂ ಗೊತ್ತಾಗಿತ್ತು. ನಾನು ಅಲ್ಲಿನ ಅಂಗಡಿಗೆ ಬ್ರೆಡ್ಡು ಕೊಳ್ಳಲು ಹೋದಾಗ ಗಲ್ಲಾಪೆಟ್ಟಿಗೆಯ ಮುಂದಿದ್ದ ಹೆಂಗಸು ನನ್ನ ಸೀರೆ ನೋಡಿ ಮಾತು ನಿಲ್ಲಿಸಿದಳು.

ಎರಡನೆಯ ದಿನ ಸಂಜೆ ವಸುಧಾ ಬಂದು ನನ್ನ ಪಕ್ಕದಲ್ಲಿ ಕುಳಿತಳು.

“ಏನೂ ಸಿಗಲಿಲ್ಲ, ಅಕ್ಕಾ.”

“ಗೇಜು ಕೆಟ್ಟಿತ್ತೇನು?”

“ಅದೂ ಇಲ್ಲ. ಎಲ್ಲಾ ನೆಟ್ಟಗದ. ಕಂಪ್ಯೂಟರಿನಾಗ ನೋಡಿದ್ರ ಒಂದು ಸಣ್ಣ ತಗ್ಗು ಕಾಣಸ್ತದ, ಯಾಕ ಅಂತ ಯಾರಿಗೂ ಗೊತ್ತಿಲ್ಲ. ಇವತ್ತ ಊಟದ ಟೇಬಲ್ ಮ್ಯಾಲ ನನ್ನ ಬಾಜೂಕ ಯಾರೂ ಕೂಡಲಿಲ್ಲ.”

ಬೆಂಚು ಕಿರುಗುಟ್ಟಿತು. ಅವಳು ನೆಲಕ್ಕೆ ಕಾಲೂರಿ ಅದನ್ನು ನಿಲ್ಲಿಸಿದಳು.

“ನೀ ನನ್ನ ಜಾಗಾದಾಗ ಇದ್ದಿದ್ರ ಏನ ಮಾಡ್ತಿದ್ದಿ? ಖರೆ ಹೇಳು.”

ಸುಳ್ಳು ಹೇಳಿ ಸಮಾಧಾನ ಮಾಡಬಹುದಿತ್ತು. ಅವಳು ಚಿಕ್ಕಂದಿನಿಂದ ನನ್ನ ಸುಳ್ಳು ಹಿಡಿಯುತ್ತಾಳೆ. “ನಾ ಸುಮ್ಮನ ಇದ್ದುಬಿಡ್ತಿದ್ದೆ, ವಸು. ಅಷ್ಟು ಮಂದಿ ನೋಡ್ಲಿಕತ್ತಾಗ ನನ್ನ ಬಾಯಿ ಏಳ್ತಿರಲಿಲ್ಲ.”

ಅವಳು ಕಾಲೆತ್ತಿ ಬೆಂಚನ್ನು ಮತ್ತೆ ತೂಗಬಿಟ್ಟಳು. “ನಾಳೆ ಮತ್ತ ಹಂಗ ಆತಂದ್ರ” ಎಂದಳು, “ನಾ ಮತ್ತ ನಿಲ್ಲಸ್ತೀನಿ. ಅದ ನನಗ ಅಂಜಿಕಿ.”

ಎರಡು ನಿಮಿಷ

ಮರುದಿನ ಹೊಲದ ಅಂಚಿನಲ್ಲಿ ಕುರ್ಚಿಗಳು ಅರ್ಧಕ್ಕರ್ಧ ಕಡಿಮೆಯಾಗಿದ್ದವು. ಟೋಪಿಯವನು ಬಂದಿದ್ದ. ಎಡ್ನಾ ನನ್ನ ಕೈಯನ್ನು ತನ್ನ ಕೈಯಲ್ಲಿ ಹಿಡಿದುಕೊಂಡಳು. ಅವಳ ಕೈ ಒರಟಾಗಿ, ಬೆಚ್ಚಗಿತ್ತು.

ಹೊತ್ತಿಸುವ ಮೊದಲು ಒಬ್ಬೊಬ್ಬರನ್ನೂ ಹೆಸರು ಹಿಡಿದು ‘ನಿನ್ನ ಕಡೆಯಿಂದ ಸರಿಯೇ’ ಎಂದು ಕೇಳುವ ಕ್ರಮವಿದೆಯಂತೆ. ಒಳಗೆ ನಡೆದದ್ದನ್ನು ವಸುಧಾ ಆಮೇಲೆ ಹೇಳಿದಳು. ಎಲ್ಲರೂ ‘ಗೋ’ ಎಂದರು. ಅವಳ ಸರದಿ ಬಂದಾಗ ಅವಳು ಪರದೆ ನೋಡುತ್ತಲೇ ಇದ್ದಳು. ಯಾರೋ ಹಿಂದೆ ಕೆಮ್ಮಿದರು. ಹ್ಯಾಂಕ್ ತನ್ನ ಮೆಲುದನಿಯಲ್ಲಿ, “ಟೇಕ್ ಯುವರ್ ಟೈಮ್, ವಸುಧಾ” ಎಂದು ಕೈಕಟ್ಟಿ ನಿಂತ. ಎಷ್ಟೋ ವರ್ಷದಿಂದ ಅವಳನ್ನು ವಾಸು ಎಂದೇ ಕರೆಯುತ್ತಿದ್ದವನು ಅಂದು ಪೂರ್ತಿ ಹೆಸರನ್ನು ಸರಿಯಾಗಿ ಉಚ್ಚರಿಸಿದನಂತೆ. ಅವಳು ಇನ್ನೊಮ್ಮೆ ನೋಡಿದಳು. ‘ಗೋ’ ಎಂದಳು.

ಹೊರಗೆ ಹೊಲದಲ್ಲಿ ನಮಗೆ ಮೊದಲು ಕಂಡದ್ದು ಬೆಳಕು. ಸೀಮೆಸುಣ್ಣದ ತುಂಡಿನ ತುದಿಯಲ್ಲಿ ಒಂದು ಬಿಳಿ ಕಿಡಿ, ಅದು ಚಾಚಿಕೊಂಡು ಕಾಡಿನಷ್ಟು ಉದ್ದವಾಯಿತು. ಸದ್ದೇ ಇರಲಿಲ್ಲ. ಹತ್ತಿಯ ಪ್ರತಿ ಕಾಯಿಗೂ ನೆರಳು ಬಿತ್ತು, ಹಗಲಿನ ಮೇಲೆ ಇನ್ನೊಂದು ಹಗಲು ಹಾಸಿದಂತೆ. ಆಮೇಲೆ ಸದ್ದು ಬಂತು. ಕಿವಿಗಿಂತ ಮೊದಲು ಅಂಗಾಲಿಗೆ, ಅಲ್ಲಿಂದ ಎದೆಗೆ. ಬಳೆಗಳು ತಾವಾಗಿ ಕಿಣಿಕಿಣಿಗುಟ್ಟಿದವು. ಕಾಡಿನ ಮೇಲೆ ಹೊಗೆಯ ಗುಡ್ಡ ಎದ್ದು, ಅದರ ಮೇಲೆ ಮತ್ತೊಂದು ಎದ್ದು, ಸೂರ್ಯನನ್ನು ನುಂಗಿತು. ಆ ಬಿಳಿ ಗೆರೆ ಮಾತ್ರ ಒಂದು ಕೂದಲೆಳೆಯಷ್ಟೂ ಸರಿಯಲಿಲ್ಲ. ಅಷ್ಟು ಬಲವನ್ನು ಅಲುಗದೆ ತಡೆದು ಹಿಡಿದದ್ದನ್ನು ನಾನು ಈ ಜನ್ಮದಲ್ಲಿ ನೋಡಿರಲಿಲ್ಲ. ನಾನು ನಡುವಿನ ಜಾಗವನ್ನೇ ನೋಡುತ್ತಿದ್ದೆ, ನನ್ನ ತಂಗಿಯ ಜೋಡಣೆ ಇರುವ ಕಡೆ. ಅಲ್ಲಿ ಏನಾದರೂ ಮಿಂಚಿದರೆ ಎಂದು ಉಸಿರು ಬಿಗಿಹಿಡಿದು. ಏನೂ ಮಿಂಚಲಿಲ್ಲ.

ಬೆಂಕಿ ಕುಗ್ಗಿ, ಕೆಮ್ಮಿ, ಆರಿತು. ಸದ್ದು ಇನ್ನೂ ಸ್ವಲ್ಪ ಹೊತ್ತು ಬರುತ್ತಲೇ ಇತ್ತು. ಅದೂ ನಿಂತ ಮೇಲೆ ಒಂದು ಹಕ್ಕಿಯೂ ಕೂಗಲಿಲ್ಲ. ಟೋಪಿಯವನು ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದ.

ಅಲ್ಫರೆಟಾ

ನನ್ನ ವಾಪಸು ವಿಮಾನ ಅಟ್ಲಾಂಟಾದಿಂದ ಇತ್ತು. ವಸುಧಾ ಎರಡು ದಿನ ರಜೆ ಪಡೆದು ನನ್ನನ್ನು ಅಲ್ಲಿಗೆ ಕರೆದೊಯ್ದಳು. ಅಟ್ಲಾಂಟಾದ ಉತ್ತರಕ್ಕಿರುವ ಅಲ್ಫರೆಟಾದಲ್ಲಿ ಅವಳ ಕಾಲೇಜಿನ ಗೆಳತಿ, ಉಡುಪಿ ಕಡೆಯ ಗ್ರೇಸಿಯ ಮನೆ. ಒಂದೇ ಅಚ್ಚಿನ ಮನೆಗಳ ಸಾಲಿನಲ್ಲಿ ಎರಡು ಬಾರಿ ಬೇರೆಯವರ ಮನೆಯ ಗಂಟೆ ಒತ್ತಿ, ಮೂರನೆಯ ಬಾಗಿಲಲ್ಲಿ ಮೀನು ಸಾರಿನ ವಾಸನೆ ಹಿಡಿದು ಇದೇ ಎಂದು ಗುರುತಿಸಿದೆವು. ನಮಗೆಂದು ಗ್ರೇಸಿ ಬೇರೆ ಪಾತ್ರೆಯಲ್ಲಿ ಸೌತೆಕಾಯಿ ಹುಳಿ ಮಾಡಿಟ್ಟಿದ್ದಳು.

ಮರುದಿನ ಬೆಳಿಗ್ಗೆ ಹ್ಯಾಂಕ್‌ನ ಫೋನ್ ಬಂತು. ವಸುಧಾ ಅಡುಗೆಮನೆಯ ಗೋಡೆಯ ಫೋನಿನ ಸುರುಳಿ ತಂತಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಬರೀ “ಯೆಸ್”, “ಐ ಸೀ” ಎನ್ನುತ್ತಿದ್ದಳು. ನಡುವೆ “ಕ್ಯಾನ್ ಐ ಕಾಲ್ ಯು ಬ್ಯಾಕ್?” ಎಂದು ಇಟ್ಟುಬಿಟ್ಟಳು.

“ಏನಾಯ್ತೇ? ಕೆಲಸ ಹೋಯ್ತಾ?” ಎಂದು ಗ್ರೇಸಿ ಸೌಟು ಹಿಡಿದೇ ಓಡಿಬಂದಳು.

ವಸುಧಾ ನನ್ನ ಕಡೆ ತಿರುಗಿದಳು. “ಬಿಚ್ಚಿ ನೋಡ್ಯಾರಂತ. ಒಳಗ ಜೋಡಣಿ ಹೊಸಾದ್ರ ಹಂಗ ಸ್ವಚ್ಛ ಅದ. ಬರೂ ವರ್ಷ ಹಾರಸ್ತಾರ.” ಉಸಿರೆಳೆದುಕೊಂಡಳು. “ಹಾರಸೂ ದಿನ ಬೂಸ್ಟರಿನ ಕಡಿಂದ ಕಡೀ ಮಾತು ನಂದಂತ. ನಾ ಹೂಂ ಅಂದ್ರ ಹೂಂ, ಬ್ಯಾಡ ಅಂದ್ರ ಬ್ಯಾಡ. ಹ್ಯಾಂಕ್ ನನ್ನ ಹೆಸರ ಕೊಟ್ಟಾನ.”

“ಆವತ್ತ ನಿಲ್ಲಿಸಿದ್ದಕ್ಕ?”

“ನಾನೂ ಅದನ್ನ ಕೇಳಿದೆ. ‘ಅವತ್ತು ನೀನು ತಪ್ಪಿರಬಹುದು. ಆದರೂ ಮತ್ತೆ ಬಂದು ಅದೇ ಕುರ್ಚಿಯಲ್ಲಿ ಕೂತೆ, ನಿಧಾನವಾಗಿ ನೋಡಿದೆ. ನನಗೆ ಅಂಥವರು ಬೇಕು’ ಅಂದ.” ಅವಳ ದನಿ ಸಣ್ಣದಾಯಿತು. “ಆ ರಾಕೆಟ್ಟಿನಾಗ ಮಂದಿಯ ಎಷ್ಟೋ ವರ್ಷದ ಕೆಲಸ ಇರ್ತದ, ಅಕ್ಕಾ. ಒಲ್ಲೆ ಅಂತ ಹೇಳಲಾ?”

ನಾನು ಸಾಮಾನ್ಯವಾಗಿ ಉಪದೇಶ ಮಾಡುವವಳು, ಮೂವತ್ತು ಹುಡುಗಿಯರಿಗೆ ದಿನವೂ ಮಾಡುತ್ತೇನೆ. ಅಂದು ಹೊಳೆದದ್ದು ಒಂದೇ ಮಾತು. “ನಿನಗ ಒಲ್ಲೆ ಅನ್ನೂದು ಬರ್ತದ. ಅದಕ್ಕ ಹೂಂ ಅನ್ನು” ಎಂದೆ. ಅದು ಎಲ್ಲಿಂದ ಬಾಯಿಗೆ ಬಂತೋ ನನಗೇ ತಿಳಿಯದು. ಅವಳು ನನ್ನನ್ನು ಒಂದು ಗಳಿಗೆ ನೋಡಿ, ಗೋಡೆಯ ಕಡೆ ತಿರುಗಿ, ಫೋನ್ ತಿರುಗಿಸಿದಳು.

ಗದಗ

ಊರಿಗೆ ಬಂದ ಮೇಲೆ ಸ್ಟಾಫ್‌ರೂಮಿನಲ್ಲಿ ಎಲ್ಲರೂ ಪ್ರವಾಸದ ಕಥೆ ಕೇಳಿದರು. ಐಸ್ ಹಾಕಿದ ಚಹಾಕ್ಕೆ ನಕ್ಕರು. ಕಟ್ಟಿಹಾಕಿದ ರಾಕೆಟ್ ನೋಡಲು ಅಷ್ಟು ದೂರ ಹೋದಿರಾ ಎಂದು ಹೆಡ್‌ಮಾಸ್ತರರು ಬೇಸರಪಟ್ಟರು. ಪರೀಕ್ಷೆಗಳು ಮುಗಿದವು, ಮಳೆಗಾಲ ಕಳೆಯಿತು, ಆ ಬೆಳಕು ನನಗೂ ಎಲ್ಲೋ ಕಂಡ ಕನಸೆನಿಸತೊಡಗಿತು.

ಮುಂದಿನ ವರ್ಷದ ಒಂದು ಸಂಜೆ ಅಕ್ಕಿ ಆರಿಸುತ್ತ ಕುಳಿತಿದ್ದಾಗ ಫೋನ್ ಬಂತು. ದೂರದ ಫೋನ್, ನಮ್ಮ ಮಾತೇ ಒಮ್ಮೆ ಸುತ್ತಿ ಮರಳಿ ನಮಗೆ ಕೇಳಿಸುತ್ತಿತ್ತು.

“ಅಕ್ಕಾ, ಈಗರೆ ಆತು. ಫ್ಲೋರಿಡಾದಿಂದ ಮಾತಾಡ್ಲಿಕತ್ತೀನಿ.”

“ಏನಂದಿ?” ಎಂದೆ. ಆಗಿದ್ದೇನು ಎಂದು ಕೇಳಬೇಕೆಂದು ಹೊಳೆಯಲಿಲ್ಲ. ಅವಳು ಏನೆಂದಳು ಎಂಬುದೇ ನನಗೆ ಬೇಕಾಗಿತ್ತು.

“ನನ್ನ ಸರದಿ ಬಂತು. ಎಲ್ಲಾರೂ ಸುಮ್ಮನ ಕಾದ್ರು. ನಾ ನಿಧಾನ ನೋಡಿದೆ, ಮತ್ತ ನೋಡಿದೆ. ಗೋ ಅಂದೆ.” ತಂತಿಯ ಆಚೆ ಅವಳ ಹಿಂದೆ ಜನ ಚಪ್ಪಾಳೆ ತಟ್ಟುವುದು, ಕೂಗುವುದು ಕೇಳಿಸುತ್ತಿತ್ತು. “ಆಮ್ಯಾಲೆ ಹೊರಗ ಬಂದು ನೋಡಿದೆ. ಹೋಗಿಬಿಟ್ಟಿತ್ತು, ಅಕ್ಕಾ. ಒಂದು ಹೊಗಿ ಗೆರಿ ಬಿಟ್ರ ಆಕಾಶದಾಗ ಏನೂ ಇರಲಿಲ್ಲ.”

ಆಮೇಲೆ ಅವಳು ಅಳುತ್ತಿದ್ದಾಳೆಂದು ಗೊತ್ತಾಯಿತು. ನಾನು ಫೋನನ್ನು ಕಿವಿಗೊತ್ತಿಕೊಂಡು, ಅವಳು ಮುಗಿಸುವವರೆಗೆ ನಿಂತೇ ಇದ್ದೆ.